ಇಟಲಿಯ ಮಲೇರಿಯಾ ಹೋರಾಟ: ವೈದ್ಯವಿಜ್ಞಾನ, ಪಕ್ಷ ರಾಜಕೀಯ ಮತ್ತು ಹಳ್ಳಿಯ ಶಾಲೆ

ಅಲ್ಲಾಹನು ಔಷಧಿಯಿಲ್ಲದ ಯಾವ ರೋಗವನ್ನೂ ಇಳಿಸಿಲ್ಲ ಎಂದು ಪ್ರವಾದಿ ಮುಹಮ್ಮದ್ (ಸ) ಅವರು ತಿಳಿಸಿದ ಮಾತು ನಮ್ಮ ಮದರಸಾದ ಚಿಕ್ಕ ಮಕ್ಕಳಿಗೂ ಗೊತ್ತಿದೆ. ಔಷಧಿಯನ್ನು ಹುಡುಕುವುದು ಹಕೀಮರ, ವೈದ್ಯರ, ವಿಜ್ಞಾನಿಗಳ ಕೆಲಸ. ಆದರೆ ಹುಡುಕಿದ ಔಷಧಿಯನ್ನು ಹೊಲದಲ್ಲಿ ಕೂಲಿ ಮಾಡುವ ಬಡವನ ಕೈಗೆ ಮುಟ್ಟಿಸುವವರು ಯಾರು? ಅದರ ಖರ್ಚನ್ನು ಭರಿಸುವವರು ಯಾರು? ಅದನ್ನು ನಂಬಿ ನುಂಗುವಂತೆ ಅವನಿಗೆ ತಿಳಿಹೇಳುವವರು ಯಾರು? ಈ ಪ್ರಶ್ನೆಗಳಿಗೆ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಉತ್ತರ ದೊರೆಯುವುದಿಲ್ಲ. ಇತಿಹಾಸದಲ್ಲಿ ದೊರೆಯುತ್ತದೆ.

ಅಮೆರಿಕದ ಇತಿಹಾಸಕಾರ ಫ್ರಾಂಕ್ ಸ್ನೋಡೆನ್ ಅವರು 2006ರಲ್ಲಿ ಇಟಲಿಯ ಮಲೇರಿಯಾ ಕುರಿತು ಒಂದು ದೊಡ್ಡ ಸಂಶೋಧನಾ ಗ್ರಂಥವನ್ನು ಪ್ರಕಟಿಸಿದರು. 1900ರಿಂದ 1962ರವರೆಗಿನ ಕಥೆ ಅದರಲ್ಲಿದೆ. ಒಂದು ರೋಗದ ಚರಿತ್ರೆ ಬರೆಯಲು ಹೊರಟ ಅವರು ಆಸ್ಪತ್ರೆಯ ದಾಖಲೆಗಳ ಜೊತೆಗೆ ಸಂಸತ್ತು, ಪಕ್ಷಗಳು, ಕೂಲಿಕಾರರ ಸಂಘಗಳು ಮತ್ತು ಹಳ್ಳಿ ಶಾಲೆಗಳ ಚರಿತ್ರೆಯನ್ನೂ ಬರೆಯಬೇಕಾಯಿತು. ಏಕೆಂದರೆ ಇಟಲಿಯಲ್ಲಿ ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ನಮ್ಮ ಗುಲಬರ್ಗಾ ಸೀಮೆ ಒಂದು ಕಾಲದಲ್ಲಿ ಯಾವ ಸಂಸ್ಥಾನದ ಭಾಗವಾಗಿತ್ತೋ ಆ ಸಂಸ್ಥಾನದ ನೆಲಕ್ಕೂ ಈ ಕಥೆಗೂ ಸಂಬಂಧವಿದೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಒಂದು ಜ್ವರ, ಹಲವು ಹೆಸರು

ಮಲೇರಿಯಾ ಎಂಬ ಶಬ್ದವೇ ಇಟಾಲಿಯನ್ ಭಾಷೆಯದು. ‘ಮಾಲಾ’ ಎಂದರೆ ಕೆಟ್ಟ, ‘ಆರಿಯಾ’ ಎಂದರೆ ಗಾಳಿ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಈ ಜ್ವರಕ್ಕೆ ಕಾರಣವೆಂದು ಶತಮಾನಗಳ ಕಾಲ ಅಲ್ಲಿನ ಜನ ನಂಬಿದ್ದರು. ಕನ್ನಡದಲ್ಲಿ ನಾವು ಇದನ್ನು ಚಳಿಜ್ವರ ಎಂದೆವು. ಉರ್ದುವಿನಲ್ಲಿ ಜಾಡೇ ಕಾ ಬುಖಾರ್, ಬಾರೀ ಕಾ ಬುಖಾರ್ ಎಂದರು. ‘ಬಾರೀ’ ಎಂದರೆ ಸರದಿ. ಒಂದು ದಿನ ಬಿಟ್ಟು ಒಂದು ದಿನ, ಅಥವಾ ಎರಡು ದಿನ ಬಿಟ್ಟು ಸರದಿಯಂತೆ ಬರುವ ಜ್ವರ. ಈ ಸರದಿಯನ್ನು ಇಬ್ನ್ ಸೀನಾ ಅವರು ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ವಿಂಗಡಿಸಿ ವಿವರಿಸಿದ್ದರು. ಆ ಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಅನುವಾದವಾಯಿತು. 1593ರಲ್ಲಿ ಅದರ ಅರಬ್ಬೀ ಮೂಲವೇ ರೋಮ್ ನಗರದಲ್ಲಿ ಮುದ್ರಣಗೊಂಡಿತು. ಇಟಲಿಯ ವೈದ್ಯರು ಹಲವು ತಲೆಮಾರುಗಳ ಕಾಲ ಅದನ್ನು ಓದಿ ಕಲಿತರು.

ಜ್ವರ ಸರದಿಯಂತೆ ಏಕೆ ಬರುತ್ತದೆ ಎಂಬುದು ಮಾತ್ರ 19ನೇ ಶತಮಾನದ ಕೊನೆಯವರೆಗೂ ಗುಟ್ಟಾಗಿಯೇ ಉಳಿಯಿತು. 1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೈನ್ ಪಟ್ಟಣದ ಸೇನಾ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಅವರು ರೋಗಿಯ ರಕ್ತದಲ್ಲಿ ಸೂಕ್ಷ್ಮಜೀವಿಯೊಂದನ್ನು ಕಂಡರು. ರೋಮ್‌ನ ವೈದ್ಯರಾದ ಎತ್ತೊರೆ ಮಾರ್ಕಿಯಾಫಾವಾ ಮತ್ತು ಆಂಜೆಲೊ ಚೆಲ್ಲಿ ಅವರು 1885ರಲ್ಲಿ ಅದಕ್ಕೆ ಪ್ಲಾಸ್ಮೋಡಿಯಂ ಎಂದು ಹೆಸರಿಟ್ಟರು. ಪಾವಿಯಾ ನಗರದ ಕಮಿಲ್ಲೊ ಗೋಲ್ಗಿ ಅವರು ಆ ಜೀವಿಗಳು ರಕ್ತಕಣಗಳನ್ನು ಒಡೆದುಕೊಂಡು ಹೊರಬರುವ ಹೊತ್ತಿಗೇ ರೋಗಿಗೆ ಚಳಿ ಹತ್ತಿ ಜ್ವರ ಏರುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಸರದಿಯ ಗುಟ್ಟು ಹೀಗೆ ಬಯಲಾಯಿತು.

ನಿಜಾಮರ ನೆಲದಲ್ಲಿ ನಡೆದ ಸಂಶೋಧನೆ

ಆ ಜೀವಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ನಿಜಾಮರ ಹೈದರಾಬಾದ್ ಸಂಸ್ಥಾನದ ಸಿಕಂದರಾಬಾದಿನಲ್ಲಿ. ಗುಲಬರ್ಗಾ ಸೀಮೆ ಆಗ ಇದೇ ಸಂಸ್ಥಾನದಲ್ಲಿತ್ತು. ಹೈದರಾಬಾದಿನಲ್ಲಿ 1846ರಲ್ಲೇ ವೈದ್ಯಕೀಯ ಶಾಲೆ ಆರಂಭವಾಗಿತ್ತು ಮತ್ತು ಅಲ್ಲಿ ಉರ್ದುವಿನಲ್ಲಿ ವೈದ್ಯಶಿಕ್ಷಣ ನೀಡಲಾಗುತ್ತಿತ್ತು. ಕ್ಲೋರೋಫಾರ್ಮ್ ಎಂಬ ಅರಿವಳಿಕೆಯ ಸುರಕ್ಷತೆಯ ಬಗ್ಗೆ 1888 ಮತ್ತು 1889ರಲ್ಲಿ ನಿಜಾಮ ಸರ್ಕಾರದ ಆಶ್ರಯದಲ್ಲಿ ಎರಡು ಆಯೋಗಗಳು ಸಂಶೋಧನೆ ನಡೆಸಿದ್ದವು.

ಬ್ರಿಟಿಷ್ ಸೇನೆಯ ವೈದ್ಯ ರೊನಾಲ್ಡ್ ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದವರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕೆಲಸ ಮಾಡುವಾಗಲೇ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಅವರು ಗಮನಿಸಿದ್ದರು. 1897ರಲ್ಲಿ ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಅವರ ಪ್ರಯೋಗಕ್ಕೆ ಒಪ್ಪಿದರು. ರಕ್ತ ಹೀರಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆಯಂತೆ ಅವರಿಗೆ ಕೂಲಿ ಕೊಡಲಾಯಿತು. ಆ ವರ್ಷದ ಆಗಸ್ಟ್ 20ರಂದು ಅಂತಹ ಸೊಳ್ಳೆಯೊಂದರ ಹೊಟ್ಟೆಯಲ್ಲಿ ರಾಸ್ ಅವರು ಮಲೇರಿಯಾ ಜೀವಿಯನ್ನು ಕಂಡರು. ಮರುವರ್ಷ ಕಲಕತ್ತೆಯಲ್ಲಿ ಮುಹಮ್ಮದ್ ಬಕ್ಷ್ ಎಂಬ ಸಹಾಯಕರೊಡನೆ ದುಡಿದು, ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದಲೇ ಹರಡುತ್ತದೆಂದು ಸಿದ್ಧಪಡಿಸಿದರು. 1898ರ ಕೊನೆಯಲ್ಲಿ ರೋಮ್‌ನ ಜಿಯೊವಾನ್ನಿ ಬತ್ತಿಸ್ತಾ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆ ಎಂದು ಖಚಿತಪಡಿಸಿದರು.

ಈ ಕೀರ್ತಿ ಯಾರಿಗೆ ಸಲ್ಲಬೇಕೆಂದು ರಾಸ್ ಮತ್ತು ಗ್ರಾಸ್ಸಿ ಜೀವನಪರ್ಯಂತ ಜಗಳವಾಡಿದರು. 1902ರ ನೊಬೆಲ್ ಬಹುಮಾನ ರಾಸ್ ಅವರಿಗೆ ದೊರೆಯಿತು. ರಕ್ತ ಕೊಟ್ಟ ಹುಸೇನ್ ಖಾನರ ಹೆಸರು, ಹಗಲಿರುಳು ದುಡಿದ ಮುಹಮ್ಮದ್ ಬಕ್ಷರ ಹೆಸರು ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ. ನಮ್ಮ ಮಕ್ಕಳಾದರೂ ಆ ಎರಡು ಹೆಸರುಗಳನ್ನು ನೆನಪಿಡಬೇಕು.

ಅಕ್ಷರವಿಲ್ಲದವನಿಗೆ ಮತವಿಲ್ಲ

ರೋಗದ ಕಾರಣ ತಿಳಿಯಿತು. ಕ್ವಿನೈನ್ ಎಂಬ ಔಷಧಿಯಂತೂ ಮೊದಲೇ ಇತ್ತು. ಆದರೂ ಇಟಲಿಯಲ್ಲಿ ಆ ಹೊತ್ತಿಗೆ ವರ್ಷಕ್ಕೆ ಸುಮಾರು 20 ಲಕ್ಷ ಜನ ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜಿದೆ. 1895ರಲ್ಲಿ ಸತ್ತವರ ಸಂಖ್ಯೆ 16 ಸಾವಿರದಷ್ಟಿತ್ತು.

ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ರೋಮ್ ನಗರದ ಸುತ್ತಲಿನ ಬಯಲಿಗೆ ಬೆಟ್ಟದ ಊರುಗಳಿಂದ ಸುಗ್ಗಿಯ ಕಾಲಕ್ಕೆ ಸಾವಿರಾರು ಜನ ಗುಳೆ ಬರುತ್ತಿದ್ದರು. ಹುಲ್ಲಿನ ಗುಡಿಸಲುಗಳಲ್ಲಿ, ಗವಿಗಳಲ್ಲಿ ಮಲಗುತ್ತಿದ್ದರು. ಜಮೀನಿನ ಒಡೆಯರು ನಗರದಲ್ಲಿ ವಾಸವಾಗಿದ್ದರು. ಕ್ವಿನೈನ್ ಬೆಲೆ ಕೂಲಿಕಾರನಿಗೆ ನಿಲುಕುವಂತಿರಲಿಲ್ಲ, ಅಂಗಡಿಗಳಲ್ಲಿ ಸಿಗುವ ಕ್ವಿನೈನಿನಲ್ಲಿ ಕಲಬೆರಕೆಯೂ ಇರುತ್ತಿತ್ತು.

ಈ ಜನರ ಗೋಳನ್ನು ಸಂಸತ್ತು ಏಕೆ ಕೇಳಲಿಲ್ಲ? ಇಲ್ಲಿಯೇ ರಾಜಕೀಯ ಬರುತ್ತದೆ. 1882ರ ಕಾನೂನಿನ ಪ್ರಕಾರ ಇಟಲಿಯಲ್ಲಿ ಮತ ಹಾಕಲು ಗಂಡಸಾಗಿರಬೇಕು, 21 ವರ್ಷ ತುಂಬಿರಬೇಕು ಮತ್ತು ಓದು ಬರಹ ಬರಬೇಕಿತ್ತು. 1901ರ ಜನಗಣತಿಯಂತೆ ದೇಶದ ಸುಮಾರು ಅರ್ಧದಷ್ಟು ಜನ ನಿರಕ್ಷರರು. ದಕ್ಷಿಣದ ಹಳ್ಳಿಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು. ಅಂದರೆ ಯಾರಿಗೆ ಜ್ವರ ಹೆಚ್ಚೋ ಅವರಿಗೆ ಅಕ್ಷರವಿರಲಿಲ್ಲ. ಅಕ್ಷರವಿಲ್ಲದ್ದರಿಂದ ಮತವಿರಲಿಲ್ಲ, ಮತವಿಲ್ಲದ್ದರಿಂದ ಅವರನ್ನು ಕೇಳುವವರಿರಲಿಲ್ಲ. ನಿರಕ್ಷರತೆ ಕೂಡ ಮನುಷ್ಯನನ್ನು ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಸಂಸತ್ತಿಗೆ ಹೋದ ವೈದ್ಯ

ಪ್ಲಾಸ್ಮೋಡಿಯಂಗೆ ಹೆಸರಿಟ್ಟವರಲ್ಲಿ ಒಬ್ಬರಾದ ಆಂಜೆಲೊ ಚೆಲ್ಲಿ ಅವರು ಪ್ರಯೋಗಾಲಯದಲ್ಲಿಯೇ ಕುಳಿತಿರಬಹುದಿತ್ತು. ಅವರೂ ರಾಸ್ ಅವರಂತೆ 1857ರಲ್ಲಿ ಹುಟ್ಟಿದವರು, ರೋಮ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರು. 1892ರಲ್ಲಿ ಅವರು ಎಡಪಂಥೀಯರ ಸಾಲಿನಿಂದ ಸಂಸತ್ತಿಗೆ ಆಯ್ಕೆಯಾದರು. ಅದೇ ವರ್ಷ ಜಿನೋವಾ ನಗರದಲ್ಲಿ ಇಟಲಿಯ ಸಮಾಜವಾದಿ ಪಕ್ಷವೂ ಹುಟ್ಟಿತು. ಬಡವರ ಪ್ರಶ್ನೆಗಳು ಸಂಸತ್ತಿನ ಬಾಗಿಲು ತಟ್ಟತೊಡಗಿದ ಕಾಲ ಅದು.

ಚೆಲ್ಲಿ ಅವರ ದೊಡ್ಡತನ ಇರುವುದು ಅವರು ಕಟ್ಟಿದ ಒಗ್ಗಟ್ಟಿನಲ್ಲಿ. 1898ರಲ್ಲಿ ಮಲೇರಿಯಾ ಅಧ್ಯಯನಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದಾಗ ಅವರ ಜೊತೆ ನಿಂತವರು ಜುಸ್ತೀನೊ ಫೊರ್ತುನಾತೊ ಮತ್ತು ಲಿಯೊಪೊಲ್ದೊ ಫ್ರಾಂಕೆತ್ತಿ. ಇಬ್ಬರೂ ಚೆಲ್ಲಿ ಅವರ ರಾಜಕೀಯಕ್ಕೆ ಸೇರದ ಉದಾರವಾದಿಗಳು. ಬೇರೆ ವಿಷಯಗಳಲ್ಲಿ ಸಂಸತ್ತಿನೊಳಗೆ ಎದುರುಬದುರಾಗಿ ಕುಳಿತವರು ಜ್ವರದ ವಿಷಯದಲ್ಲಿ ಒಂದಾದರು.

ಇದರ ಫಲವಾಗಿ 1900ರ ಡಿಸೆಂಬರಿನಲ್ಲಿ ಸರ್ಕಾರಿ ಕ್ವಿನೈನ್ ಕಾನೂನು ಜಾರಿಗೆ ಬಂದಿತು. ಸರ್ಕಾರವೇ ಶುದ್ಧ ಕ್ವಿನೈನ್ ತಯಾರಿಸಿ ಕಡಿಮೆ ಬೆಲೆಗೆ ಮಾರತೊಡಗಿತು. ಟ್ಯೂರಿನ್ ನಗರದ ಸೇನಾ ಔಷಧಾಲಯದಲ್ಲಿ ಗುಳಿಗೆಗಳು ತಯಾರಾದವು. ಹಳ್ಳಿಹಳ್ಳಿಯಲ್ಲಿದ್ದ ಉಪ್ಪು ಮತ್ತು ತಂಬಾಕಿನ ಪರವಾನಗಿ ಅಂಗಡಿಗಳಲ್ಲಿಯೇ ಅವು ಸಿಗುವಂತಾಯಿತು. ನಮ್ಮ ದೇಶದ ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳ ಮೂಲಕ ಕ್ವಿನೈನ್ ಪೊಟ್ಟಣ ಮಾರಿದ್ದೂ ಇಂತಹದೇ ವಿಚಾರ. ಆದರೆ ಇಟಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1901ರಿಂದ 1904ರವರೆಗಿನ ಕಾನೂನುಗಳು ಕೂಲಿಕಾರರ ಔಷಧಿಯ ಖರ್ಚನ್ನು ಜಮೀನಿನ ಒಡೆಯರ ಮೇಲೆ ಹಾಕಿದವು ಮತ್ತು ಮಲೇರಿಯಾ ಪ್ರದೇಶದ ಬಡವರಿಗೆ ಉಚಿತ ಕ್ವಿನೈನ್ ಪಡೆಯುವ ಹಕ್ಕು ಕೊಟ್ಟವು.

ವಿರೋಧ ಇಲ್ಲದೆ ಇರಲಿಲ್ಲ. ಖಾಸಗಿ ಔಷಧಿ ವ್ಯಾಪಾರಿಗಳು ತಮ್ಮ ಲಾಭ ಹೋಗುತ್ತದೆಂದು ಪ್ರತಿಭಟಿಸಿದರು. ಅನೇಕ ಜಮೀನ್ದಾರರು ಖರ್ಚು ಕೊಡಲು ನಿರಾಕರಿಸಿದರು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಎಂದರೆ ಬಡವರ ಅನುಮಾನ. ಯಾವತ್ತೂ ಏನನ್ನೂ ಕೊಡದ ಸರ್ಕಾರ ಈಗ ಪುಕ್ಕಟೆ ಗುಳಿಗೆ ಕೊಡುತ್ತಿದೆ ಎಂದರೆ ಅದು ವಿಷವೇ ಇರಬೇಕೆಂದು ಅನೇಕರು ಭಾವಿಸಿದರು. ಕೊಟ್ಟ ಗುಳಿಗೆಯನ್ನು ಉಗುಳಿದರು. ಪೋಲಿಯೋ ಹನಿಯ ಬಗ್ಗೆ ನಮ್ಮ ದೇಶದ ಕೆಲವು ಭಾಗಗಳಲ್ಲಿ, ನಮ್ಮ ಸಮುದಾಯದ ಕೆಲವರಲ್ಲಿಯೂ ಇಂತಹ ಅನುಮಾನಗಳು ಹರಡಿದ್ದನ್ನು ಹಿರಿಯರು ಬಲ್ಲರು. ಉಲಮಾಗಳು, ಶಿಕ್ಷಕರು, ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಿಳಿಹೇಳಿದ ಮೇಲೆಯೇ ಅದು ಕರಗಿತು. 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ದೊರೆಯಿತು.

ಗುಡಿಸಲಿನ ಶಾಲೆಗಳು

ಇಟಲಿಯಲ್ಲಿ ಅನುಮಾನ ಕರಗಿಸಿದ್ದು ಶಾಲೆ. ಚೆಲ್ಲಿ ಅವರ ಪತ್ನಿ ಆನ್ನಾ ಜರ್ಮನಿಯಿಂದ ಬಂದ ದಾದಿ. ಅವರಿಬ್ಬರೂ ಲೇಖಕ ಜಿಯೊವಾನ್ನಿ ಚೇನಾ, ಲೇಖಕಿ ಸಿಬಿಲ್ಲಾ ಅಲೆರಾಮೊ ಮತ್ತು ಶಿಕ್ಷಕ ಅಲೆಸ್ಸಾಂದ್ರೊ ಮಾರ್ಕುಚ್ಚಿ ಅವರೊಡನೆ ಸೇರಿ ರೋಮ್ ಬಯಲಿನ ಕೂಲಿಕಾರರಿಗಾಗಿ ಶಾಲೆಗಳನ್ನು ತೆರೆದರು. ದುಡಿಮೆ ಮುಗಿದ ಮೇಲೆ ಸಂಜೆ ಮತ್ತು ಭಾನುವಾರ ಪಾಠ. ಕಟ್ಟಡವಿಲ್ಲದ ಕಡೆ ಗುಡಿಸಲೇ ಶಾಲೆ. ಮಕ್ಕಳ ಪಕ್ಕದಲ್ಲಿ ದೊಡ್ಡವರೂ ಕುಳಿತು ಅಕ್ಷರ ಕಲಿತರು. ಅಕ್ಷರದ ಜೊತೆಗೆ ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ, ಗುಳಿಗೆಯನ್ನು ಯಾವಾಗ ನುಂಗಬೇಕು, ಕಾನೂನು ಯಾವ ಹಕ್ಕು ಕೊಟ್ಟಿದೆ ಎಂಬುದನ್ನೂ ಕಲಿತರು.

ಶಿಕ್ಷಕರ ಮೇಲೆ ಜನರಿಗೆ ನಂಬಿಕೆ ಬಂದಿತು, ಶಿಕ್ಷಕರು ಕೊಟ್ಟ ಗುಳಿಗೆಯ ಮೇಲೂ ನಂಬಿಕೆ ಬಂದಿತು. 1914ರ ಹೊತ್ತಿಗೆ ಮಲೇರಿಯಾ ಸಾವಿನ ಸಂಖ್ಯೆ ಸುಮಾರು 2 ಸಾವಿರಕ್ಕೆ ಇಳಿಯಿತು. ಅದರೊಂದಿಗೆ ಇನ್ನೊಂದು ಬದಲಾವಣೆಯೂ ಆಯಿತು. ತಮ್ಮ ಆರೋಗ್ಯ ತಮ್ಮ ಹಕ್ಕು ಎಂದು ತಿಳಿದ ಕೂಲಿಕಾರರು ಸಂಘಟಿತರಾದರು. ಉತ್ತರದ ಭತ್ತದ ಗದ್ದೆಗಳಲ್ಲಿ ನೀರಿನಲ್ಲಿ ನಿಂತು ಕಳೆ ಕೀಳುವ ಹೆಣ್ಣುಮಕ್ಕಳು ದಿನಕ್ಕೆ ಎಂಟು ಗಂಟೆಯ ದುಡಿಮೆಗಾಗಿ ಮುಷ್ಕರ ಹೂಡಿದರು. 1912ರಲ್ಲಿ ಮತದಾನದ ಕಾನೂನು ಬದಲಾಗಿ, 30 ವರ್ಷ ದಾಟಿದ ಗಂಡಸರಿಗೆ ಅಕ್ಷರ ಬರದಿದ್ದರೂ ಮತದ ಹಕ್ಕು ಸಿಕ್ಕಿತು. ಚೆಲ್ಲಿ ಅವರು 1914ರ ನವೆಂಬರಿನಲ್ಲಿ ತೀರಿಕೊಂಡರು.

ಯುದ್ಧ ಮತ್ತು ಸರ್ವಾಧಿಕಾರ

ಇದೇ ಇಟಲಿ ಸರ್ಕಾರ 1911ರಲ್ಲಿ ಉಸ್ಮಾನಿಯಾ ತುರ್ಕರ ಆಡಳಿತದಲ್ಲಿದ್ದ ತ್ರಿಪೋಲಿಯ ಮೇಲೆ ದಂಡೆತ್ತಿ ಹೋಯಿತು ಎಂಬುದನ್ನೂ ಮರೆಯಬಾರದು. ಆ ದಾಳಿ ಭಾರತದ ಮುಸ್ಲಿಮರ ಮನಸ್ಸನ್ನು ಬಹಳ ನೋಯಿಸಿತ್ತು. ತುರ್ಕರ ಮೇಲೆ ಬಾಲ್ಕನ್ ಯುದ್ಧವೂ ಬಂದಾಗ, 1912ರ ಕೊನೆಯಲ್ಲಿ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ ಅವರು ಭಾರತದಿಂದ ವೈದ್ಯರ ತಂಡವನ್ನು ಕಟ್ಟಿಕೊಂಡು ಗಾಯಾಳುಗಳ ಸೇವೆಗೆ ಹೋದರು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತ ಈ ವೈದ್ಯರು ಮುಂದೆ 1927ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕಟ್ಟಿದವರಲ್ಲಿ ಒಬ್ಬರು. ನಮ್ಮ ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರ್ ಅವರೂ ವೈದ್ಯರು. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಕಲಿತು ಬಂದು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ವೈದ್ಯನು ರಾಜಕೀಯಕ್ಕೆ, ಶಿಕ್ಷಣಕ್ಕೆ ಕೈಹಾಕುವುದು ನಮ್ಮಲ್ಲಿಯೂ ಹೊಸದಲ್ಲ.

ಇಟಲಿಯ ಮಾತಿಗೆ ಮರಳೋಣ. ಮೊದಲ ಮಹಾಯುದ್ಧದಲ್ಲಿ ವೈದ್ಯರು ರಣರಂಗಕ್ಕೆ ಹೋದರು, ಕ್ವಿನೈನ್ ಕೊರತೆಯಾಯಿತು. 1918ರಲ್ಲಿ ಮಲೇರಿಯಾ ಸಾವು ಮತ್ತೆ 10 ಸಾವಿರ ದಾಟಿತು. 1922ರಲ್ಲಿ ಮುಸೊಲಿನಿ ಅಧಿಕಾರ ಹಿಡಿದರು. 1926ರ ಹೊತ್ತಿಗೆ ವಿರೋಧ ಪಕ್ಷಗಳೂ ಸ್ವತಂತ್ರ ಕೂಲಿಕಾರ ಸಂಘಗಳೂ ನಿಷೇಧಕ್ಕೊಳಗಾದವು. ರೋಮ್‌ನ ದಕ್ಷಿಣಕ್ಕಿರುವ ಪಾಂಟೈನ್ ಜೌಗು ಪ್ರದೇಶವನ್ನು ಬತ್ತಿಸಿ 1932ರಲ್ಲಿ ಲಿತ್ತೋರಿಯಾ ಎಂಬ ಹೊಸ ಪಟ್ಟಣ ಕಟ್ಟಿದ್ದು ಅವರ ಆಡಳಿತದ ದೊಡ್ಡ ಪ್ರಚಾರವಾಯಿತು. ಆ ಕೆಲಸದಿಂದ ಅಲ್ಲಿ ಜ್ವರ ಇಳಿದದ್ದು ನಿಜ. ಆದರೆ ಪ್ರಚಾರದ ಬೆಳಕು ಬೀಳದ ದಕ್ಷಿಣದ ಹಳ್ಳಿಗಳ ಸ್ಥಿತಿ ಬೇರೆಯೇ ಆಗಿತ್ತು. ಸರ್ಕಾರವನ್ನು ವಿರೋಧಿಸಿದ್ದಕ್ಕೆ 1935ರಲ್ಲಿ ಗಡೀಪಾರಾದ ಕಾರ್ಲೊ ಲೇವಿ ಅವರು ವೈದ್ಯಕೀಯ ಓದಿದವರು. ದಕ್ಷಿಣದ ಆಲಿಯಾನೊ ಎಂಬ ಊರಿನಲ್ಲಿ ಮಲೇರಿಯಾದಿಂದ ಬಳಲುವ ರೈತರನ್ನು ಕಂಡರು. ಅವರು ಚಿಕಿತ್ಸೆ ನೀಡುವುದಕ್ಕೂ ಅಧಿಕಾರಿಗಳು ತಡೆ ಹಾಕಿದರು. 1945ರಲ್ಲಿ ಅವರು ಪ್ರಕಟಿಸಿದ ಪುಸ್ತಕದಿಂದ ಆ ಹಳ್ಳಿಗಳ ಸ್ಥಿತಿ ಜಗತ್ತಿಗೆ ತಿಳಿಯಿತು. ಮುಂದೆ 1963ರಲ್ಲಿ ಅವರು ಸೆನೆಟ್ ಸದಸ್ಯರಾದರು.

ಎರಡನೇ ಮಹಾಯುದ್ಧದಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಪಾಂಟೈನ್ ಪ್ರದೇಶದ ನೀರೆತ್ತುವ ಯಂತ್ರಗಳನ್ನು ಕೆಡಿಸಿ ನೆಲಕ್ಕೆ ಮತ್ತೆ ನೀರು ನುಗ್ಗಿಸಿತು. ಆ ಜಿಲ್ಲೆಯಲ್ಲಿ 1943ರಲ್ಲಿ ಸಾವಿರದ ಆಸುಪಾಸಿನಲ್ಲಿದ್ದ ಮಲೇರಿಯಾ ಪ್ರಕರಣಗಳು 1944ರಲ್ಲಿ 50 ಸಾವಿರ ದಾಟಿದವು. ಹತ್ತು ವರ್ಷಗಳ ಕೆಲಸ ಕೆಲವೇ ತಿಂಗಳಲ್ಲಿ ನೀರುಪಾಲಾಯಿತು. ಯುದ್ಧದ ನಂತರ 1946ರಲ್ಲಿ ಹೆಣ್ಣುಮಕ್ಕಳಿಗೂ ಮತದ ಹಕ್ಕು ದೊರೆತು ಗಣರಾಜ್ಯ ಸ್ಥಾಪನೆಯಾಯಿತು. ಡಿ.ಡಿ.ಟಿ. ಸಿಂಪಡಣೆ ದೇಶದಾದ್ಯಂತ ನಡೆಯಿತು. 1970ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟಲಿಯನ್ನು ಮಲೇರಿಯಾಮುಕ್ತ ದೇಶವೆಂದು ಘೋಷಿಸಿತು.

ನಮ್ಮ ದೇಶ, ನಮ್ಮ ಊರು

ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. ಅಂದು ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಮತ್ತು ಕಾರವಾರ ಸೀಮೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರಲ್ಲೇ ಡಿ.ಡಿ.ಟಿ. ಸಿಂಪಡಣೆ ನಡೆದು ಒಳ್ಳೆಯ ಫಲ ಕಂಡಿತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಎಂದು ಕೈಬಿಟ್ಟೆವು. 1976ರಲ್ಲಿ ಅವು ಮತ್ತೆ 64 ಲಕ್ಷ ಮುಟ್ಟಿದವು. ಔಷಧಿಯೂ ಇತ್ತು, ವಿದ್ಯೆಯೂ ಇತ್ತು, ಸತತವಾದ ಗಮನ ಇರಲಿಲ್ಲ. 2030ರೊಳಗೆ ಮಲೇರಿಯಾವನ್ನು ತೊಲಗಿಸುವ ಗುರಿಯನ್ನು ದೇಶ ಈಗ ಇಟ್ಟುಕೊಂಡಿದೆ.

2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36 ಇದ್ದರೆ ನಮ್ಮ ಜಿಲ್ಲೆಯದು ಶೇ. 64.85 ಮಾತ್ರ. ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಸುತ್ತ ಕಬ್ಬಿನ ಹೊಲಗಳಿವೆ. ಕಬ್ಬಿನ ಸೀಮೆಯಲ್ಲಿ ಕಟಾವಿನ ಹಂಗಾಮಿಗೆ ಗುಳೆ ಬಂದು ಗುಡಿಸಲು ಹಾಕಿಕೊಳ್ಳುವ ಕುಟುಂಬಗಳ ಮಕ್ಕಳಿಗೂ, ನೂರಿಪ್ಪತ್ತು ವರ್ಷಗಳ ಹಿಂದಿನ ರೋಮ್ ಬಯಲಿನ ಮಕ್ಕಳಿಗೂ ಬಹಳ ವ್ಯತ್ಯಾಸವಿಲ್ಲ. ಅವರಿಗೆ ಅಲ್ಲಿ ಸಂಜೆಯ ಶಾಲೆ ಸಿಕ್ಕಿತು. ಇಲ್ಲಿ ಯಾರು ತೆರೆಯಬೇಕು? ಸಂಘದ ಸದಸ್ಯರು ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಳ್ಳಬೇಕೆಂದು ವಿನಂತಿ. ಹಂಗಾಮಿನ ನಾಲ್ಕು ತಿಂಗಳು ಸಂಜೆ ಎರಡು ತಾಸು ಕನ್ನಡ, ಉರ್ದು ಅಕ್ಷರ ಮತ್ತು ಆರೋಗ್ಯದ ನಾಲ್ಕು ಮಾತು ಹೇಳಿಕೊಡಲು ನಮ್ಮ ಪದವೀಧರ ಯುವಕ ಯುವತಿಯರೇ ಸಾಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರು ವೈದ್ಯರಾಗಬೇಕೆಂದು ಓದುತ್ತಿದ್ದೀರಿ. ಖಂಡಿತ ಆಗಿರಿ. ಆದರೆ ಇತಿಹಾಸ ಮತ್ತು ರಾಜ್ಯಶಾಸ್ತ್ರ ನಮಗೇಕೆ ಎಂದು ಕೇಳಬೇಡಿ. ಚೆಲ್ಲಿ ಅವರಿಗೆ ಕಾನೂನು ಮಾಡಿಸುವುದು ಗೊತ್ತಿರದಿದ್ದರೆ ಅವರು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕೂಲಿಕಾರನ ಗುಡಿಸಲಿಗೆ ತಲುಪುತ್ತಿರಲಿಲ್ಲ. ಗ್ರಾಮಸಭೆಗೆ ಹೋಗಿರಿ, ಚರಂಡಿಯ ಬಗ್ಗೆ, ಆರೋಗ್ಯ ಕೇಂದ್ರದ ಬಗ್ಗೆ ಪ್ರಶ್ನೆ ಕೇಳಿರಿ. 18 ತುಂಬಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿರಿ. ಯಾವ ಪಕ್ಷಕ್ಕೆ ಮತ ಹಾಕಬೇಕೆಂಬುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಆದರೆ ಯಾವ ಪಕ್ಷದವರು ಬಂದರೂ ಆರೋಗ್ಯ ಮತ್ತು ಶಾಲೆಯ ಲೆಕ್ಕವನ್ನು ಮೊದಲು ಕೇಳಿರಿ.

ಇಲ್ಮ್ ಪಡೆಯುವುದು ಪ್ರತಿ ಮುಸ್ಲಿಮನ ಮೇಲೆ ಕಡ್ಡಾಯ ಎಂದು ನಮಗೆ ಕಲಿಸಲಾಗಿದೆ. ಪಡೆದ ಇಲ್ಮನ್ನು ಅಕ್ಷರವಿಲ್ಲದ ನೆರೆಯವನಿಗೆ ಮುಟ್ಟಿಸುವುದೂ ಅದೇ ಕರ್ತವ್ಯದ ಭಾಗ. ಅಲ್ಲಾಹನು ನಮ್ಮೆಲ್ಲರಿಗೂ ಅದರ ತೌಫೀಕ್ ದಯಪಾಲಿಸಲಿ. ಆಮೀನ್.